ಗುಟುಕವ್ವನ ತತ್ರಾಣಿ

ದಾರಿಗೆ ಡಾಂಬರು ಬರುವ ಮೊದಲಿನ ಮಾತಿದು. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ಕೂತುಕೊಳ್ಳಿ, ಆ ನೀರಿನ ಚರಿಗೆ ಹತ್ತಿರ ಇಟ್ಟುಕೊಳ್ಳಿ.

ಕರಿ ಮಣ್ಣಿನ ಬಯಲಿನ ಅಂಚಿಗೆ ಒಂದೂರು ಇತ್ತಂತೆ. ಬೆಳಿಗ್ಗೆ ಊರು ಬಿಟ್ಟರೆ ಮುಂದಿನ ಊರು ಹೊತ್ತು ಮುಳುಗುವಾಗ ಸಿಗಬೇಕು. ನಡುವೆ ಬಾವಿ ಇಲ್ಲ, ಕೆರೆ ಇಲ್ಲ, ಇದ್ದದ್ದು ಒಂದೇ ಒಂದು ಬನ್ನಿ ಗಿಡ. ಕಾಗೆ ಕೂಡ ಆ ಬಯಲನ್ನು ಬಳಸಿಕೊಂಡು ಹಾರುತ್ತಿತ್ತು ಅಂತಾರೆ. ಕಾಗೆಗೆ ಇದ್ದ ಬುದ್ಧಿ ಮನುಷ್ಯನಿಗೆ ಎಲ್ಲಿಂದ ಬರಬೇಕು?

ಆ ಊರಲ್ಲಿ ಸಂಕವ್ವ ಅಂತ ಒಬ್ಬಳಿದ್ದಳು. ಅವಳ ಗಂಡ ದ್ಯಾಮಣ್ಣ ಒಂದು ಬೇಸಿಗೆಯಲ್ಲಿ ಬೀಗರ ಊರಿಗೆ ನಡೆದು ಹೊರಟ. ಹೊರಡುವಾಗ ಸಂಕವ್ವ ಮಣ್ಣಿನ ತತ್ರಾಣಿಯಲ್ಲಿ ಕುತ್ತಿಗೆಮಟ ನೀರು ತುಂಬಿ ಅವನ ಹೆಗಲಿಗೆ ಹಾಕಿದಳು. ಮಾರನೆಯ ದಿನ ದಾರಿಹೋಕರು ಅವನ ಹೆಣ ಹೊತ್ತು ತಂದರು. ಬನ್ನಿ ಗಿಡದ ಬುಡದಲ್ಲಿ ಬಿದ್ದಿದ್ದನಂತೆ, ತುಟಿ ಒಡೆದಿತ್ತಂತೆ. ತತ್ರಾಣಿಯನ್ನೂ ತಂದುಕೊಟ್ಟರು. ಸಂಕವ್ವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಗುಳುಗುಳು ಅಂದಿತು. ಅರ್ಧ ನೀರು ಹಾಗೇ ಇತ್ತು.

ಮುಂದೆ ಬೇಕಾದೀತು ಅಂತ ಉಳಿಸಿಕೊಂಡಿದ್ದ. ಪಾಪ, ಅವನೊಬ್ಬನೇ ಅಲ್ಲ, ಆ ಕಡೆಯ ಜನ ಎಲ್ಲರೂ ಹಾಗೇ. ನೀರು ಕಂಡವರಲ್ಲ, ಆದ್ದರಿಂದ ಕುಡಿಯುವುದಕ್ಕಿಂತ ಕಾಯುವುದನ್ನೇ ಹೆಚ್ಚು ಕಲಿತವರು. ಉಳಿಸಿದ ನೀರು ಯಾರಿಗೆ ಆಯಿತು ಹೇಳಿ?

ಸಂಕವ್ವ ಅತ್ತಳು. ಅತ್ತು ಮುಗಿದ ಮೇಲೆ ಗಂಡನ ಎತ್ತುಗಳನ್ನು ಬಂಡಿಗೆ ಕಟ್ಟಿದಳು. ಹರವಿ ತುಂಬಾ ನೀರು ಹೇರಿಕೊಂಡು ಬನ್ನಿ ಗಿಡದ ಬುಡಕ್ಕೆ ಹೋಗಿ ಅರವಟ್ಟಿಗೆ ಇಟ್ಟಳು. ಅಲ್ಲಿಂದ ಮುಂದೆ ದಿನಾ ನಸುಕಿನಲ್ಲಿ ಹೋಗುವುದು, ಸಂಜೆಗೆ ಮರಳುವುದು. ಎತ್ತು ಮುದಿಯಾದಾಗ ತಾನೇ ನೊಗಕ್ಕೆ ಹೆಗಲು ಕೊಟ್ಟಳು ಅಂತಾರೆ. ಅದು ಹೌದೋ ಅಲ್ಲವೋ, ನಾನು ನೋಡಿದವನಲ್ಲ.

ಆದರೆ ನೀರು ಕೊಡುವುದರಲ್ಲಿ ಅವಳದೊಂದು ರೀತಿ ಇತ್ತು. ಬಂದವರನ್ನು ಮೊದಲು ನೆರಳಲ್ಲಿ ಕೂರಿಸುವಳು. ಕಾಲಿಗೆ ನೀರು ಹಾಕುವಳು. ಕೈಯಲ್ಲಿ ಒಂದು ಚೂರು ಬೆಲ್ಲ ಇಡುವಳು. ಆಮೇಲೆ ನೀರು, ಅದೂ ಒಂದೊಂದೇ ಗುಟುಕು. ಗಟಗಟ ಎತ್ತಿದರೆ ಚರಿಗೆ ಕಸಿದುಕೊಳ್ಳುವಳು. ಗೌಡನಾದರೂ ಅಷ್ಟೇ, ಗೌಡನ ಆಳಾದರೂ ಅಷ್ಟೇ. ಹೊರಟು ನಿಂತಾಗ ಅವರ ತತ್ರಾಣಿ ತುಂಬಿಸಿ, ಬಾಯಾರುವ ಮೊದಲೇ ಕುಡಿಯಿರಿ, ಬಾಯಾರಿದಾಗ ಬಾವಿ ತೋಡಬೇಡಿ ಎಂದು ಬೈದೇ ಕಳಿಸುವಳು. ಜನ ಅವಳ ಹೆಸರನ್ನೇ ಮರೆತು ಗುಟುಕವ್ವ ಎಂದರು.

ಒಂದು ವರ್ಷ ಯುಗಾದಿಯ ಮುಂದೆ, ಶ್ರೀಶೈಲಕ್ಕೆ ನಡೆಯುವ ಭಕ್ತರ ಗುಂಪೊಂದು ಆ ದಾರಿಗೆ ಬಂತು. ಮುಂದೆ ಮಲ್ಲಯ್ಯನ ಕಂಬಿ ಹೊತ್ತವನು ಚಂದ್ರಾಮಪ್ಪ. ಕಂಬಿ ಅಂದರೆ ಬರೀ ಬಿದಿರಲ್ಲ, ನಡೆಯುವವರ ಪಾಲಿಗೆ ಅದು ದೇವರೇ. ಹಿಂದಿನ ವರ್ಷ ಚಂದ್ರಾಮಪ್ಪನ ಮಗಳು ಮಲ್ಲವ್ವ ಜ್ವರದಲ್ಲಿ ಕೈಬಿಟ್ಟು ಹೋಗುವ ಹಾಗಿದ್ದಳಂತೆ. ಹೆಂಡತಿ ಬಾಣಂತನದಲ್ಲೇ ತೀರಿದ್ದಳು, ಅವನಿಗೆ ಇದ್ದವಳು ಇವಳೊಬ್ಬಳೇ. ಮಗಳು ಉಳಿದರೆ ಕರಿ ಬಯಲನ್ನು ಹನಿ ನೀರು ಕುಡಿಯದೆ ದಾಟುತ್ತೇನೆ ಎಂದು ಹರಕೆ ಹೊತ್ತಿದ್ದ. ಮಗಳು ಉಳಿದಳು. ಈಗ ಅವಳೂ ಹಿಂದೆ ನಡೆದು ಬರುತ್ತಿದ್ದಳು. ಅಪ್ಪ ಕುಡಿಯದ ಮೇಲೆ ತಾನೂ ಕುಡಿಯುವುದಿಲ್ಲ ಎಂದು ಯಾರಿಗೂ ಹೇಳದೆ ಬಾಯಿ ಕಟ್ಟಿದ್ದಳು. ಅಪ್ಪ ಮುಂದೆ ನೋಡಿ ನಡೆಯುತ್ತಿದ್ದ, ಅವನಿಗೆ ಗೊತ್ತಿರಲಿಲ್ಲ.

ಗುಟುಕವ್ವ ಎಲ್ಲರನ್ನೂ ಕೂರಿಸಿದಳು. ಹುಡುಗಿಯ ಹಣೆ ಮುಟ್ಟಿದಳು. ಅಂಥ ಉರಿಬಿಸಿಲು, ಮೈ ಕಾದ ಹಂಚು, ಬೆವರು ಮಾತ್ರ ಒಂದು ಹನಿ ಇಲ್ಲ. ಕಣ್ಣು ಮೇಲಕ್ಕೆ ಹೋಗುತ್ತಿದ್ದವು. ನೀರು ಹಿಡಿದರೆ ಹಲ್ಲು ಕಚ್ಚಿದಳು. ಅಪ್ಪ ಕುಡಿಯಲಿ ಎಂದಳಂತೆ, ಅಷ್ಟೇ.

ಆಗ ನೋಡಿದ ಚಂದ್ರಾಮಪ್ಪ. "ಯವ್ವಾ, ದೇವರಿಗೆ ಮಾತು ಕೊಟ್ಟೀನಿ. ಮಾತು ಮುರದ್ರ ಕೊಟ್ಟಾವನ ಕಸಗೋತಾನ," ಅಂದ. ಕುಡಿದರೆ ದೇವರು ಒಯ್ಯುತ್ತಾನೆ, ಕುಡಿಯದಿದ್ದರೆ ಬಿಸಿಲು ಒಯ್ಯುತ್ತದೆ. ಆ ತಂದೆಯ ಸಂಕಟ ಶತ್ರುವಿಗೂ ಬೇಡ.

ಗುಟುಕವ್ವ ವಾದಕ್ಕೆ ನಿಲ್ಲಲಿಲ್ಲ. ಕಂಬಿಯನ್ನು ಅಗಲ ತಟ್ಟೆಯಂಥ ಪರಾತದಲ್ಲಿ ನಿಲ್ಲಿಸಿ, ಕೈಮುಗಿದು, ಅದರ ಮೇಲೆ ನೀರೆರೆದಳು. ಇಳಿದ ನೀರನ್ನು ಚರಿಗೆಗೆ ತುಂಬಿದಳು.

"ನೀರು ನಾ ಕೊಡಾಕತ್ತಿಲ್ಲೋ ತಮ್ಮಾ. ಮಲ್ಲಯ್ಯನ ಮೈಮ್ಯಾಲಿಂದ ಇಳದೈತಿ. ತೀರ್ಥ ಬ್ಯಾಡ ಅಂತೀಯೇನು?"

ತೀರ್ಥ ಬೇಡ ಅನ್ನುವ ಭಕ್ತ ಎಲ್ಲಿದ್ದಾನೆ? ಚಂದ್ರಾಮಪ್ಪ ಅಂಗೈ ಒಡ್ಡಿದ. ಒಂದು ಗುಟುಕು ಅವನಿಗೆ, ಒಂದು ಗುಟುಕು ಮಗಳಿಗೆ. ಗುಟುಕವ್ವ ಮತ್ತೆ ನೀರೆರೆದಳು, ಮತ್ತೆ ಕೊಟ್ಟಳು. ದೇವರಿಗೂ ಸೆಕೆ ಅಲ್ಲವೇ, ಅವನೂ ಮೀಯಲಿ ಅಂದಳಂತೆ. ಎಷ್ಟು ಸಲ ತೀರ್ಥ ತಗೊಳ್ಳಲಿ ಎಂದು ಅವನು ಅಳುಕಿದಾಗ ಅವಳು ಹೇಳಿದ್ದು ಇದು:

"ಹುಟ್ಟಿದಾಗಿಂದ ನಿನಗ ಯಾರ್ಯಾರು ನೀರು ಕೊಟ್ಟಾರ, ಒಬ್ಬೊಬ್ಬರ ಹೆಸರಲೆ ಒಂದೊಂದು ಗುಟುಕು. ನೆನಸು."

ಅವನು ನೆನೆಸಿದ. ಮೊದಲು ತಾಯಿ. ಆಮೇಲೆ ಸುಗ್ಗಿಯಲ್ಲಿ ತನ್ನ ಮಜ್ಜಿಗೆ ಹಂಚಿದ ಪಕ್ಕದ ಹೊಲದವನು. ಸಂತೆಯಲ್ಲಿ ಹೆಸರು ಕೇಳದೆ ನೀರೆರೆದ ಯಾವಳೋ ಮುದುಕಿ. ತೀರಿಹೋದ ಹೆಂಡತಿ. ಹೆಸರು ಮುಗಿಯಲೇ ಇಲ್ಲ. ಕೊನೆಗೆ ತಡೆದು ನಿಂತ. ದಿನಾ ಸಂಜೆ ತಾನು ಹೊಲದಿಂದ ಬರುವಾಗ ಬಾಗಿಲಲ್ಲಿ ಚರಿಗೆ ಹಿಡಿದು ನಿಲ್ಲುವವಳು ಯಾರು? ಇವಳೇ. ಇವಳ ಹೆಸರೇ ನೆನಪಿಗೆ ಬಂದಿರಲಿಲ್ಲ. "ಮಲ್ಲವ್ವಾ" ಎಂದು ಮಗಳ ಹೆಸರಲ್ಲಿ ಗುಟುಕು ಕುಡಿದು ಗಳಗಳ ಅತ್ತನಂತೆ.

ಬಿಸಿಲು ಇಳಿಯುವ ಹೊತ್ತಿಗೆ ಹುಡುಗಿಯ ಹಣೆಯಲ್ಲಿ ಬೆವರು ಮೂಡಿತು. ಬೆವರು ಬಂತು, ಬೆವರು ಬಂತು ಎಂದು ಭಕ್ತರೆಲ್ಲ ಮಳೆ ಬಂದಷ್ಟು ಖುಷಿಯಲ್ಲಿ ಕೂಗಿದರು. ಅವಳು ಎದ್ದು ಕೂತು ಹಸಿವು ಎಂದಳು. ತಂಪಾದ ಮೇಲೆ ಎಲ್ಲರೂ ಬಯಲು ದಾಟಿದರು. ಹರಕೆ ಮುರಿಯಿತೋ ಇಲ್ಲವೋ ಎಂದು ವಾದ ಮಾಡುವವರು ಈಗಲೂ ಇದ್ದಾರೆ. ಮಾಡಲಿ. ಹುಡುಗಿ ಉಳಿದಳು.

ಆ ಮಲ್ಲವ್ವ ನಮ್ಮ ಮನೆತನದವಳೇ. ಸುತ್ತಲ ಊರುಗಳಲ್ಲಿ ಯಾವ ಮನೆಗೆ ಹೋದರೂ ಅವಳು ತಮ್ಮವಳು ಅಂತಾರೆ, ಅದೂ ನಿಜವಿರಬಹುದು. ಅವಳು ಉಳಿದದ್ದಕ್ಕೆ ನಾನಿದ್ದೇನೆ, ನೀವಿದ್ದೀರಿ. ಆ ಋಣ ತೀರಿಸುವಂಥದ್ದಲ್ಲ.

ಗುಟುಕವ್ವ ಎಂದೋ ಹೋದಳು. ಬನ್ನಿ ಗಿಡ ಇದೆ, ಬೇಸಿಗೆ ಬಂದರೆ ಯಾರಾದರೂ ಹರವಿ ಇಡುತ್ತಾರೆ, ಯಾರೆಂದು ಯಾರೂ ಕೇಳುವುದಿಲ್ಲ. ನಮ್ಮ ಕಡೆ ದಾರಿ ನಡೆದು ಬಂದವರು ಮೊದಲ ಗುಟುಕನ್ನು ಈಗಲೂ ನೀರು ಕೊಟ್ಟವರೊಬ್ಬರ ಹೆಸರು ಹೇಳಿಯೇ ಕುಡಿಯುತ್ತಾರೆ. ಇನ್ನೊಂದು ಇದೆ. ಈಗ ತತ್ರಾಣಿ ಹೋಗಿ ಪ್ಲಾಸ್ಟಿಕ್ ಬಾಟಲಿ ಬಂದಿದೆ. ಮಕ್ಕಳು ಪರವೂರಿಂದ ಬಂದು ಬಸ್ಸಿಳಿದರೆ ತಾಯಂದಿರು ಏನು ತಂದೆ ಎಂದು ಕೇಳುವುದಿಲ್ಲ. ಬಾಟಲಿ ಇಸಿದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಸದ್ದು ಬಂದರೆ ಬೈಗುಳ. ಸದ್ದಿಲ್ಲದಿದ್ದರೆ ತಲೆ ಸವರಿ ಒಳಗೆ ಕರೆಯುತ್ತಾರೆ.