ಕೆಡವದೆ ಬಿದ್ದವನು

ಹೊಳೆಯ ದಂಡೆಯಲ್ಲಿ ಪುಟ್ಟಬಸವಯ್ಯನವರ ಶಾಲೆ. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಉದ್ದನೆಯ ಮನೆ ಅದು. ರೇಷ್ಮೆ ಕೆಲಸ ಕಲಿತು ಬಾ ಎಂದು ಇಲಾಖೆಯವರು ಜಪಾನಿಗೆ ಕಳಿಸಿದರೆ, ಈ ಮಹಾನುಭಾವರು ಅಲ್ಲಿ ಐಕಿಡೊ ಕಲಿತು ಬಂದರು. ರೇಷ್ಮೆಯನ್ನೂ ಕಲಿತರು ಅನ್ನಿ, ಆದರೆ ಮನಸ್ಸು ಕೊಟ್ಟದ್ದು ಇದಕ್ಕೆ.

ಐಕಿಡೊ ಅಂದರೆ, ಮೈಮೇಲೆ ಬಂದವನ ಬಲವನ್ನೇ ಬಳಸಿಕೊಂಡು, ಅವನಿಗೂ ಪೆಟ್ಟಾಗದ ಹಾಗೆ ಅವನನ್ನು ನೆಲಕ್ಕೆ ತರುವ ವಿದ್ಯೆ. ಹೊಡೆಯುವುದಿಲ್ಲ, ಒದೆಯುವುದಿಲ್ಲ. ಒಬ್ಬ ಮಣಿಕಟ್ಟು ಹಿಡಿಯುತ್ತಾನೆ, ಇನ್ನೊಬ್ಬ ತಿರುಗುತ್ತಾನೆ, ಹಿಡಿದವನು ಬೀಳುತ್ತಾನೆ. ಮೊದಲು ಕಲಿಸುವುದೇ ಬೀಳುವುದನ್ನು. ಹಾಗಾಗಿ ಊರಿನವರು ಅದಕ್ಕೆ ಬೀಳೋ ಶಾಲೆ ಅಂತಲೇ ಹೆಸರಿಟ್ಟು ನಗುತ್ತಿದ್ದರು. ನಗಲಿ ಬಿಡಿ.

ದೊರೆಸ್ವಾಮಿ ಅಲ್ಲಿಯ ಹಿರಿಯ ಶಿಷ್ಯ. ಮೀಸೆ ಮೂಡುವ ಮೊದಲೇ ಬಂದು ಸೇರಿದವನು, ಈಗ ಕಿವಿಯ ಹತ್ತಿರ ನರೆತಿದ್ದ. ಯುಗಾದಿ ಕಳೆದ ಮೇಲೆ ಶಾಲೆ ನಿನ್ನದು ಎಂದು ಗುರುಗಳು ಎಲ್ಲರೆದುರು ಹೇಳಿಯೂ ಆಗಿತ್ತು.

ಬೇರೆಯವರಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ದೊರೆಸ್ವಾಮಿಗೆ ನಿದ್ದೆ ಹೋಯಿತು.

ಕಾರಣ ಇತ್ತು. ಕೆಲವು ವರ್ಷಗಳ ಹಿಂದೆ ಗುರುಗಳು ಸ್ಕೂಟರಿನಿಂದ ಬಿದ್ದು ಭುಜ ಮುರಿದುಕೊಂಡಿದ್ದರು. ವಾಸಿಯಾಗಿ ಬಂದ ಮೊದಲ ದಿನ ದೊರೆಸ್ವಾಮಿ ಅವರ ಮಣಿಕಟ್ಟು ಹಿಡಿದ. ಗುರುಗಳು ಎಂದಿನಂತೆ ತಿರುಗಿದರು. ಏನೂ ಆಗಲಿಲ್ಲ. ಅವರ ಮುಖ ಸಣ್ಣದಾಗುವುದನ್ನು ನೋಡಲಾರದೆ ಅವನು ತಾನಾಗಿಯೇ ಬಿದ್ದ.

ಮಾರನೆಯ ದಿನವೂ ಬಿದ್ದ. ಹಿರಿಯವನು ಬಿದ್ದದ್ದನ್ನು ನೋಡಿ ಕಿರಿಯರೂ ಬಿದ್ದರು. ಹೊಸದಾಗಿ ಸೇರಿದವರು ಬೀಳುವುದು ಹೀಗೇ ಇರಬೇಕು ಎಂದುಕೊಂಡರು. ಈಗ ಆ ಶಾಲೆಯಲ್ಲಿ ವಿದ್ಯೆ ನಿಜಕ್ಕೂ ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನಾಳೆ ಅದನ್ನು ಕಲಿಸಬೇಕಾದ ದೊರೆಸ್ವಾಮಿಗೂ ಗೊತ್ತಿರಲಿಲ್ಲ. ಕೇಳೋಣವೆಂದರೆ ಗುರುಗಳನ್ನು ಏನೆಂದು ಕೇಳುವುದು?

ಹೀಗಿರುವಾಗ ಒಂದು ಬೆಳಿಗ್ಗೆ ಸರ್ವಮಂಗಳಾ ಎಂಬ ನರ್ಸು ಬಂದರು. ಹೊಳೆಯಾಚೆ ಮನೋರೋಗಿಗಳ ಆಸ್ಪತ್ರೆಯಲ್ಲಿ ಅವರ ಕೆಲಸ.

"ನಮ್ಮ ಆಯಾಗಳಿಗೆ ಏಟು ತಪ್ಪಿದ್ದಲ್ಲ ಸಾರ್," ಅಂದರು. "ಕೆಲವು ರೋಗಿಗಳು ಕೈ ಹಿಡಿದರೆ ಬಿಡೋದೇ ಇಲ್ಲ. ತಿರುಗಿಸಿ ಹೊಡೆಯೋ ಹಾಗಿಲ್ಲ, ಹೊಡೆಯೋಕೆ ಮನಸ್ಸೂ ಬರಲ್ಲ. ಪಾಪ, ಅವರಿಗೇನು ಗೊತ್ತಾಗುತ್ತೆ. ಅವರಿಗೂ ನೋವಾಗಬಾರದು, ನಮಗೂ ಆಗಬಾರದು. ಅಂಥದ್ದೇನಾದ್ರೂ ಇದೆಯಾ ನಿಮ್ಮಲ್ಲಿ?"

"ಇರೋದೇ ಅದೊಂದು," ಅಂದರು ಗುರುಗಳು. "ಹಿಡೀರಿ."

ಸಿಸ್ಟರ್ ಅವರ ಮಣಿಕಟ್ಟು ಹಿಡಿದರು. ಗುರುಗಳು ತಿರುಗಿದರು.

ಸಿಸ್ಟರ್ ನಿಂತೇ ಇದ್ದರು.

ಗುರುಗಳು ಇನ್ನೊಂದು ಕಡೆಗೆ ತಿರುಗಿದರು. ಸಿಸ್ಟರ್ ಆಗಲೂ ನಿಂತೇ ಇದ್ದರು. ಸುತ್ತ ಎಲ್ಲರೂ ಸುಮ್ಮನಾದದ್ದು ಕಂಡು ಅವರಿಗೆ ಗಾಬರಿಯಾಯಿತು.

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ಅವರಿಗೆ ಬೀಳೋಕೆ ಬರಲ್ಲ ಗುರುಗಳೇ, ಹೊಸಬರು," ಎಂದು ದೊರೆಸ್ವಾಮಿ ನಡುವೆ ಬಾಯಿ ಹಾಕಿದ.

ಗುರುಗಳು ಅವನ ಕಡೆ ನೋಡಿದರು.

"ನೀನು ಬಾ. ಹಿಡಿ."

ಅವನು ಹಿಡಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚಾಪೆಯ ಮೇಲೆ ಉರುಳಿದ್ದ. ಚೆಂದಾಗಿಯೇ ಬಿದ್ದ, ಅದರಲ್ಲಿ ಎರಡು ಮಾತಿಲ್ಲ.

"ಯಾಕೋ ಬಿದ್ದೆ?"

"ನೀವು ಕೆಡವಿದ್ರಲ್ಲ ಗುರುಗಳೇ."

"ನಾನು ಅಲ್ಲಾಡಲೇ ಇಲ್ಲವಲ್ಲೋ."

ಹೌದು. ಅವರು ಅಲ್ಲಾಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊರೆಸ್ವಾಮಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಳುವುದಕ್ಕೂ ನಾಚಿಕೆಯಾಗಿ ಹಾಗೇ ಬಿದ್ದುಕೊಂಡಿದ್ದ.

"ನಾಳೆ ಬನ್ನಿ ತಾಯಿ," ಗುರುಗಳು ಸಿಸ್ಟರಿಗೆ ಹೇಳಿದರು. "ಇವತ್ತು ಹಿಡಿದ ಹಾಗೇ ಹಿಡೀರಿ."

ಎಲ್ಲರೂ ಹೋದ ಮೇಲೆ ದೊರೆಸ್ವಾಮಿ ಗುರುಗಳ ಮುಂದೆ ಕೂತ.

"ನಿಮಗೆ ಗೊತ್ತಿತ್ತಾ ಗುರುಗಳೇ?"

"ಗೊತ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

ಗುರುಗಳು ಕೆಟ್ಟ ಭುಜವನ್ನು ನೀವಿಕೊಂಡರು.

"ಹಿತವಾಗಿತ್ತು ಕಣೋ."

ಏನೋ ದೊಡ್ಡ ಉತ್ತರ ಬರುತ್ತದೆ ಎಂದು ಕಾದಿದ್ದವನಿಗೆ ಇದು ಸಿಕ್ಕಿತು. ಅವನು ಎದ್ದು ಚಾಪೆ ಗುಡಿಸಿ ಮನೆಗೆ ಹೋದ.

ಮರುದಿನ ಸಿಸ್ಟರ್ ಬಂದು ಹಿಡಿದರು. ಗುರುಗಳಿಗೆ ಆಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಶಿಷ್ಯರು ತಲೆ ತಗ್ಗಿಸಿ ನೆಲ ನೋಡತೊಡಗಿದರು. ಕೆಲವರು ಬರುವುದನ್ನೇ ಬಿಟ್ಟರು. ಗುರುಗಳಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. ಆಗಲಿಲ್ಲವೇ, ಸರಿ, ಇನ್ನೊಂದು ಸಲ ಹಿಡೀರಿ ಅನ್ನುತ್ತಿದ್ದರು.

ಪರಿವೆ ಇದ್ದದ್ದು ದೊರೆಸ್ವಾಮಿಗೆ. ಊರಿನ ಜನ ಆಡಿಕೊಳ್ಳುವುದು ಕಿವಿಗೆ ಬೀಳುತ್ತಿತ್ತು. ತಂದೆಯ ಸಮಾನರಾದವರು ದಿನಾ ಹತ್ತು ಜನರೆದುರು ಸೋಲುವಾಗ ಅವನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಒಂದು ದಿನ ಬಸ್ ಸ್ಟಾಪಿನವರೆಗೂ ಸಿಸ್ಟರ್ ಹಿಂದೆಯೇ ಹೋದ.

"ಸಿಸ್ಟರ್, ಒಂದು ಉಪಕಾರ ಆಗಬೇಕಿತ್ತು. ನಾಳೆ ಒಂದ್ಸಲ ಬಿದ್ದುಬಿಡಿ."

"ಸುಳ್ಳುಸುಳ್ಳಾಗಿ?"

"ವಯಸ್ಸಾದವರು. ನೋಡೋಕಾಗ್ತಿಲ್ಲ ನನ್ನ ಕೈಲಿ."

"ನೀವು ಹೇಳಿದ ತಕ್ಷಣ ನಾನು ಬೀಳಬಹುದು. ನಮ್ಮ ವಾರ್ಡಿನವರು ಬೀಳ್ತಾರಾ?"

"ಅದನ್ನ ನಾನು ಆಮೇಲೆ ನಿಮಗೆ ಬೇರೆಯಾಗಿ ಹೇಳಿಕೊಡ್ತೀನಿ."

ಏನು ಹೇಳಿಕೊಡುತ್ತಾನೆ, ಮಣ್ಣು. ಅವನಿಗೇ ಗೊತ್ತಿರಲಿಲ್ಲ. ಆದರೆ ಅವನ ಕಣ್ಣಲ್ಲಿ ನೀರು ನಿಂತಿತ್ತು, ಆಕೆಯದು ಮೃದು ಮನಸ್ಸು. ಆಗಲಿ ಅಂದುಬಿಟ್ಟರು.

ಮರುದಿನ ಅವರ ಜೊತೆಗೆ ಚೆಲುವಮ್ಮ ಎಂಬ ಆಯಾ ಬಂದಿದ್ದಳು. ಇದೇನು ಕಲಿಯುತ್ತೀರೋ ನಾನೂ ನೋಡುತ್ತೇನೆ ಎಂದು ಬಂದವಳು ಗೋಡೆಗೊರಗಿ ನಿಂತಳು. ಸಿಸ್ಟರ್ ಹಿಡಿದರು. ಗುರುಗಳು ತಿರುಗಿದರು. ಸಿಸ್ಟರ್ ಮಂಡಿ ಮಡಿಚಿ ಚಾಪೆಗೆ ಬಿದ್ದರು.

ಗುರುಗಳು ತಮ್ಮ ಕೈಯನ್ನು ತಾವೇ ಹಿಂದೆ ಮುಂದೆ ಮಾಡಿ ನೋಡಿಕೊಂಡರು. ಮುಖ ಅರಳಿತ್ತು. ಎಷ್ಟೋ ವರ್ಷದ ಮೇಲೆ ಅವರು ಹಾಗೆ ನಕ್ಕದ್ದು. ದೊರೆಸ್ವಾಮಿಗೆ ತಾನು ಮಾಡಿದ್ದು ಸರಿಯಾಯಿತು ಅನ್ನಿಸಿತು.

"ಇಷ್ಟೇನಾ?" ಅಂದಳು ಚೆಲುವಮ್ಮ. "ಹಿಂಗೆ ಹಿಡಿದ್ರೆ ಹಿಂಗೆ ತಿರುಗೋದು. ಇದು ನನಗೂ ಬತ್ತದೆ."

ಆ ವಾರ ಕಳೆಯುವುದರೊಳಗೆ ಸಿಸ್ಟರ್ ಒಬ್ಬರೇ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಚೆಲುವಮ್ಮನ ಹೆಗಲ ಮೂಳೆ ಮುರಿದಿದೆ," ಅಂದರು. "ರೋಗಿಯೊಬ್ಬ ಕೈ ಹಿಡಿದ. ಕೂಗಿದ್ರೆ ನಾವು ಓಡಿ ಬರ್ತಿದ್ವಿ. ಕೂಗಲಿಲ್ಲ. ಇಲ್ಲಿ ನೋಡಿದ ಹಾಗೆ ತಿರುಗಿದ್ಲು. ಅವನು ಬೀಳಲಿಲ್ಲ, ತಳ್ಳಿದ. ಹೋಗಿ ಕಬ್ಬಿಣದ ಮಂಚಕ್ಕೆ ಬಡಿದು ಬಿದ್ಲು."

ಅವರು ಗುರುಗಳಿಗೆ ಹೇಳುತ್ತಿದ್ದರು, ನೋಡುತ್ತಿದ್ದದ್ದು ದೊರೆಸ್ವಾಮಿಯನ್ನು.

"ನಾನು ಬಿದ್ದಿದ್ದು ನೋಡಿ ನಂಬಿಬಿಟ್ಲು."

"ನೀವು ನಿಜವಾಗಿ ಬಿದ್ದಿರಲಿಲ್ವಾ ತಾಯಿ?" ಗುರುಗಳು ಕೇಳಿದರು.



"ನಾನೇ ಬೀಳಿ ಅಂದೆ ಗುರುಗಳೇ," ಅಂದ ದೊರೆಸ್ವಾಮಿ.

ಗುರುಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

"ಹಾಗಾದರೆ ಅವತ್ತೂ ಆಗಿರಲಿಲ್ಲ," ಅಂದರು, ಅಷ್ಟೇ. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. "ನಡಿ, ಆಕೆಯನ್ನ ನೋಡಿ ಬರೋಣ."

ಚೆಲುವಮ್ಮ ಎದೆಗೂ ಹೆಗಲಿಗೂ ಪಟ್ಟಿ ಬಿಗಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು. ಗುರುಗಳು ಅವಳ ಮುಂದೆ ನೆಲದ ಮೇಲೆ ಕೂತರು. ದೊರೆಸ್ವಾಮಿ ಕಂಬದ ಮರೆಯಲ್ಲಿ ನಿಂತ.

"ನನ್ನ ಕೈಲಿ ಆಗ್ತಿಲ್ಲಮ್ಮ," ಅಂದರು ಗುರುಗಳು. "ಸುಮಾರು ವರ್ಷದಿಂದ ಆಗ್ತಿಲ್ಲ. ನನ್ನ ಹುಡುಗರು ಪ್ರೀತಿಗೆ ಬೀಳ್ತಿದ್ರು, ನಾನು ಗೊತ್ತಿದ್ದೂ ಸುಮ್ಮನಿದ್ದೆ. ನೀನು ನೋಡಿದ್ದು ಅದು."

"ದೊಡ್ಡೋರು ನೀವು. ಹಿಂಗೆ ಆಟ ಆಡಬೋದಾ?"

"ಆಡಬಾರದು."

"ಮೂಳೆ ನಂದು ಹೋಯ್ತು, ಸ್ವಾಮಿ."

"ಹೌದಮ್ಮ."

ಚೆಲುವಮ್ಮ ಇನ್ನೂ ನಾಲ್ಕು ಮಾತು ಅಂದಳು. ಇಬ್ಬರೂ ಅನ್ನಿಸಿಕೊಂಡರು. ಅಂದು ಅಂದು ಅವಳಿಗೇ ಸಾಕಾಯಿತು.

"ನನ್ನ ತಳ್ಳಿದ ಆ ಹುಡುಗನ್ನ ಬೈಬೇಡಿ ಮತ್ತೆ. ಆಮೇಲೆ ನನ್ನ ನೋಡಿ ಅವನೇ ಅತ್ತ. ಅವನಿಗೇನೂ ಪೆಟ್ಟಾಗಲಿಲ್ಲ ಸದ್ಯ." ಪಟ್ಟಿ ಸರಿಮಾಡಿಕೊಂಡಳು. "ಮೂಳೆ ಕೂಡಿದ ಮೇಲೆ ನಾನು ಅದೇ ವಾರ್ಡಿಗೆ ಹೋಗಬೇಕು. ಇನ್ನೊಬ್ಬ ಹಿಡೀತಾನೆ. ಆಗೇನು ಮಾಡ್ಲಿ, ಹೇಳಿ."

"ಗೊತ್ತಿಲ್ಲಮ್ಮ."

"ಗೊತ್ತು ಮಾಡ್ಕೊಂಡು ಬನ್ನಿ. ಬೀಳಿಸೋದೇನೂ ಬೇಡ. ಹಿಡಿದೋನು ನೋಯದೆ ಬಿಟ್ಟರೆ ಸಾಕು."



ಮರುದಿನ ಬೆಳಿಗ್ಗೆ ದೊರೆಸ್ವಾಮಿ ಶಾಲೆಯ ಬೀಗದಕೈ ತಂದು ಗುರುಗಳ ಕಾಲ ಬಳಿ ಇಟ್ಟ. ಉಳಿದ ನಾಲ್ಕಾರು ಶಿಷ್ಯರು ಬಾಗಿಲಲ್ಲಿ ನಿಂತಿದ್ದರು. ಸಿಸ್ಟರ್ ಕೂಡ ಬಂದಿದ್ದರು, ಯಾಕೆ ಬಂದೆನೆಂದು ಅವರಿಗೂ ತಿಳಿದಿರಲಿಕ್ಕಿಲ್ಲ.

"ಏನಿದು?"

"ನನಗೆ ಶಾಲೆ ಬೇಡ ಗುರುಗಳೇ. ಯಾವ ಮುಖ ಇಟ್ಕೊಂಡು ಕಲಿಸಲಿ? ನೀವು ಅಷ್ಟು ದೂರದಿಂದ ಹೊತ್ತು ತಂದಿದ್ದನ್ನ ನಾನು ನಾಟಕ ಮಾಡಿಬಿಟ್ಟೆ. ಬೀಗ ಹಾಕಿಬಿಡೋಣ. ಈ ವಿದ್ಯೆಗೆ ಮುಂದೆ ಏನೂ ಇಲ್ಲ. ಮುಗೀತು ಇದು."

ಗುರುಗಳು ಎದ್ದು ಚಾಪೆಯ ನಡುವೆ ನಿಂತು ಕೈ ಚಾಚಿದರು.

"ಹಿಡಿ."

"ಬೇಡಿ ಗುರುಗಳೇ."

"ಚೆಲುವಮ್ಮನ ಕೈ ಆ ಹುಡುಗ ಹೇಗೆ ಹಿಡಿದಿದ್ದನೋ ಹಾಗೆ ಹಿಡಿ."

ಅವನು ಹಿಡಿದ. ಬೆರಳಿನ ಸಂದಿಯಲ್ಲಿ ಅವರ ಮೂಳೆ ಸಿಕ್ಕಿತು. ಇಷ್ಟು ತೆಳ್ಳಗಾಗಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ.

ಗುರುಗಳು ತಿರುಗಿದರು. ದೊರೆಸ್ವಾಮಿಯ ಮಂಡಿ ಅಭ್ಯಾಸಬಲದಿಂದ ಬಾಗಲು ಹೊರಟಿತು. ಅವನು ಹಲ್ಲು ಕಚ್ಚಿ ನೆಟ್ಟಗೆ ನಿಂತ.

ಗುರುಗಳು ಎಳೆದರು. ಅವನು ಕದಲಲಿಲ್ಲ. ಎಡಕ್ಕೆ ಬಂದರು, ಬಲಕ್ಕೆ ಬಂದರು. ಅವನು ಕದಲಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿ ಹುಬ್ಬಿಗಿಳಿಯಿತು. ಬಾಗಿಲಲ್ಲಿದ್ದವರಲ್ಲಿ ಒಬ್ಬ ಮುಖ ತಿರುಗಿಸಿಕೊಂಡ. ದೊರೆಸ್ವಾಮಿ ಅಳುತ್ತಿದ್ದ, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಗುರುಗಳು ಎಳೆಯುವುದನ್ನು ನಿಲ್ಲಿಸಿದರು. ಸುಮ್ಮನೆ ನಿಂತು ಉಸಿರಾಡಿಕೊಂಡರು. ಆಮೇಲೆ ತಿರುಗದೆ, ಜಗ್ಗದೆ, ಅವನ ಪಕ್ಕಕ್ಕೆ ಬಂದು ಹೆಗಲಿಗೆ ಹೆಗಲು ತಾಗಿಸಿ, ಜೊತೆಯಲ್ಲಿ ಎಲ್ಲಿಗೋ ಹೊರಟವರ ಹಾಗೆ ಒಂದು ಹೆಜ್ಜೆ ಇಟ್ಟರು. ಅವರು ಕಲಿಸಿದ ಯಾವ ಪಾಠದಲ್ಲೂ ಅದು ಇರಲಿಲ್ಲ.

ದೊರೆಸ್ವಾಮಿಯ ಒಂದು ಹಿಮ್ಮಡಿ ನೆಲದಿಂದ ತುಸು ಎದ್ದಿತು, ಮತ್ತೆ ಕೂತಿತು.

ಅದನ್ನು ಅವನು ಎತ್ತಿರಲಿಲ್ಲ. ಗಾಬರಿಯಿಂದ ಕಾಲ ಕಡೆ ನೋಡಿಕೊಂಡ, ಗುರುಗಳ ಮುಖ ನೋಡಿದ. ಅವರಿಗೆ ಏದುಸಿರು ಬರುತ್ತಿತ್ತು.

"ನಿಮಗೆ ಸುಸ್ತಾಗಿದೆ ಗುರುಗಳೇ. ಬಿಡಲಾ?"

"ಬಿಡಬೇಡ. ಈಗ ತಾನೇ ಶುರುವಾಗಿದೆ."