ವ್ಯಾನಿನ ಕೆಳಗಿನ ನಿಂಬೆಹಣ್ಣುಗಳು

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಅಲ್ಲಿನ ಗುರು ಶಾಂತವೀರಮ್ಮ, ಎಲ್ಲರ ಬಾಯಲ್ಲೂ ಅವ್ವ.

ಶಿಷ್ಯ ದ್ಯಾಮಣ್ಣ ಮೊದಲು ವ್ಯಾನ್ ಓಡಿಸುತ್ತಿದ್ದವನು. ಐದು ವರ್ಷದ ಹಿಂದೆ ಆ ವ್ಯಾನಿನಲ್ಲೇ ಬಂದು, ಮಠದ ಹೊರಗೆ ರಸ್ತೆಯ ಮೇಲೆ ನಿಲ್ಲಿಸಿದ್ದ. ಅದು ಅಲ್ಲೇ ಕೆಟ್ಟು ಕೂತಿತು.

ವರ್ಷಕ್ಕೊಮ್ಮೆ ಅವನು ಕೇಳುತ್ತಿದ್ದ, "ಅವ್ವಾ, ನನಗ ದೀಕ್ಷಾ ಯಾವಾಗ?"

"ನೀ ಇನ್ನೂ ಬಂದೇ ಇಲ್ಲಲ್ಲೋ ತಮ್ಮಾ. ಮೊದಲ ಬಾ, ಆಮ್ಯಾಲ ನೋಡೂಣು."

ಎದುರಿಗೇ ಕೂತವನಿಗೆ ಹೀಗಂದರೆ ಏನು ಮಾಡಬೇಕು! ಪಾಪ, ತಲೆ ಕೆರೆದುಕೊಂಡು ಎದ್ದು ಹೋಗುತ್ತಿದ್ದ.

ಒಂದು ಬೆಳಿಗ್ಗೆ ವ್ಯಾನಿನ ಗಾಜಿಗೆ ಪಂಚಾಯ್ತಿಯ ನೋಟಿಸು ಅಂಟಿತ್ತು. ಓಡದ ಗಾಡಿ ರಸ್ತೆಯ ಮೇಲಿರಕೂಡದು, ಏಳು ದಿನದಲ್ಲಿ ತೆಗೆಯಬೇಕು.

ದ್ಯಾಮಣ್ಣ ಏದುಸಿರು ಬಿಡುತ್ತ ಬಂದ. "ಅವ್ವಾ, ಗಾಡಿ ಬಳಕಿಯೊಳಗೈತಿ ಅಂತ ಒಂದು ಚೀಟಿ ಬರದು ಕೊಡ್ರಿ."

"ಏನು ಬಳಕಿ ಅದು?"

"ವರ್ಷಾ ಆಯುಧಪೂಜಿ ಮಾಡ್ತೀನಲ್ರೀ! ನಾಕೂ ಗಾಲಿ ಮುಂದ ನಿಂಬೆಹಣ್ಣು ಇಡ್ತೀನಿ."

"ಸಾಕ್ಷಿ?"

"ತಡೀರಿ, ತರ್ತೀನಿ!"

ನೆಲದ ಮೇಲೆ ಮಲಗಿ, ಗಾಲಿಗಳ ಬುಡದಲ್ಲಿ ಕೈಯಾಡಿಸಿ, ಐದು ವರ್ಷದ್ದನ್ನೂ ಹೆಕ್ಕಿ ತಂದ. ಇಪ್ಪತ್ತು ನಿಂಬೆಹಣ್ಣು, ಒಣಗಿ ಗೋಲಿಯಂತಾಗಿದ್ದವು. ಹೆಮ್ಮೆಯಿಂದ ಸಾಲಾಗಿ ಜೋಡಿಸಿದ.

ಅವ್ವ ಒಂದೊಂದನ್ನೇ ತಿರುಗಿಸಿ ನೋಡಿದಳು. "ಇದರಾಗ ಒಂದಾದರೂ ಒಡದೈತೇನೋ?"

ದ್ಯಾಮಣ್ಣನ ಕಣ್ಣು ತುಂಬಿ ಬಂತು.

"ಅವ್ವಾ, ಗಾಡಿ ಹೋದರ... ನಾಳೆ ನನಗಿಲ್ಲಿ ಒಗ್ಗಲಿಲ್ಲ ಅಂದರ, ಹೊಳ್ಳಿ ಹೋಗೂದು ಹೆಂಗ್ರೀ?"

"ಹಂಗ ಹೇಳು ಮತ್ತ!" ಅವ್ವ ಜೋರಾಗಿ ನಕ್ಕಳು.

ಅಡುಗೆಮನೆಯಿಂದ ಹೊಸ ನಿಂಬೆಹಣ್ಣು ತಂದು ಮುಂದಿನ ಗಾಲಿಗೆ ಇಟ್ಟಳು. ಸೆರಗು ಸಿಕ್ಕಿಸಿ ವ್ಯಾನಿನ ಹಿಂದೆ ಹೋಗಿ ಹೆಗಲು ಕೊಟ್ಟಳು. ಮಠದವರೆಲ್ಲ ಓಡಿಬಂದರು. ನೋಟಿಸು ಅಂಟಿಸಿದವನೂ ಬಂದು ಕೈ ಹಚ್ಚಿದ.

"ಸ್ಟೇರಿಂಗ್ ಹಿಡಿ ದ್ಯಾಮಾ! ರೈಟ್, ರೈಟ್!" ಅಂದಳು ಅವ್ವ.

ಗಾಡಿ ಕಿರ್ರೆಂದಿತು, ಅಲುಗಿತು, ಉರುಳಿತು. ನಿಂಬೆಹಣ್ಣು ಫಟ್ ಎಂದು ಒಡೆಯಿತು.

"ಒಡೀತವ್ವೋ!" ದ್ಯಾಮಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಎಲ್ಲರೂ ಹೋ ಎಂದು ನಗುತ್ತ ಊರ ತಿರುವಿನ ಗುಜರಿ ಅಂಗಡಿಯವರೆಗೂ ನೂಕಿಕೊಂಡು ಹೋದರು. ಅವ್ವ ಮಾತ್ರ ಮಠದ ಬಾಗಿಲಿಗೆ ಮರಳಿದಳು.

ಮಧ್ಯಾಹ್ನ ದ್ಯಾಮಣ್ಣ ಸಿಳ್ಳೆ ಹಾಕುತ್ತ ನಡೆದು ಬಂದ. ಅವ್ವ ತುಂಬಿದ ತಂಬಿಗೆ ಹಿಡಿದು ಕಾಯುತ್ತಿದ್ದಳು.

"ಅಂತೂ ಬಂದ್ಯಲ್ಲೋ ತಮ್ಮಾ! ಕಾಲು ತೊಳಕೊಂಡು ಒಳಗ ಬಾ."