ಶಾಲು ಹೊದ್ದ ರೂಟರು

ಕಾಣದಿದ್ದರೂ ಕೈಹಿಡಿದು ನಡೆಸುವ ಶಿವನಿಗೆ ಶರಣೆಂದು ಹೇಳುತ್ತೇನೆ, ಕೇಳಿ.

ಒಂದೂರಿನ ಕಚೇರಿಯಲ್ಲಿ ಆಯುಧಪೂಜೆಯ ದಿನ ಗುರುಶಾಂತಪ್ಪ ಸಾಹೇಬರು ತಮ್ಮ ಸನ್ಮಾನದ ಶಾಲನ್ನೇ ಭಕ್ತಿಯಿಂದ ಇಂಟರ್ನೆಟ್ಟಿನ ರೂಟರಿಗೆ ಹೊದಿಸಿದರು. ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಒಂಬತ್ತನೆಯ ದಿನ ಇಂಟರ್ನೆಟ್ಟು ಪದೇಪದೇ ನಿಂತು, ಕೆಲಸಕ್ಕೆಂದು ಬಂದ ಜನ ಸಾಲುಗಟ್ಟಿದರು.

"ನೀನ ಕೆಡಿಸೀದಿ! ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದು ಸಾಹೇಬರು ಆಪರೇಟರ್ ನೀಲವ್ವನ ಮೇಲೆ ಹರಿಹಾಯ್ದರು.

ನೀಲವ್ವನಿಗೆ ಶಾಲಿನ ಮೇಲೆಯೇ ಅನುಮಾನ. ಶಾಲಿನದೇ ತಪ್ಪೆಂದರೆ ಸಾಹೇಬರ ಭಕ್ತಿಗೆ ನೋವು, ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ಶಿವನನ್ನು ನೆನೆದು ಕಂಪ್ಯೂಟರಿನಲ್ಲಿ ಒಂದು ಸಾಲು ಕಮಾಂಡ್ ಹೊಡೆದಳು. ರೂಟರು ತನ್ನ ಸ್ಥಿತಿಯನ್ನು ತಾನೇ ಪರದೆಯ ಮೇಲೆ ಬರೆಯಿತು: ಕರೆಂಟು ಸರಿ, ಫ್ಯಾನು ಸರಿ, ಬಿಸಿ ಮಾತ್ರ ಎಂಬತ್ತೆರಡು ಡಿಗ್ರಿ.

"ಇಷ್ಟ್ಯಾಕ ಕಾದೈತಿ?" ಎಂದರು ಸಾಹೇಬರು.

"ಸಾಹೇಬ್ರ, ಸನ್ಮಾನ ಆದೋರು ಶಾಲು ಹೊದ್ಕೊಂಡು ಎಷ್ಟೊತ್ತು ಕುಂದರ್ತಾರ್ರಿ?"

"ಫೋಟೋ ತೆಗೆಯೂತನಕ. ಆಮ್ಯಾಗ ಸೆಕಿ ತಡಿಯಾಕ ಆಗೂದಿಲ್ಲ."

"ಇದು ಒಂಬತ್ತು ದಿನದಿಂದ ಕುಂತೈತ್ರಿ."

ಸಾಹೇಬರು ರೂಟರಿನ ಮೇಲಿನ ಶಾಲು ನೋಡಿ ಹೊಟ್ಟೆ ಹಿಡಿದು ನಕ್ಕರು. ತಾವೇ ಶಾಲು ತೆಗೆದರು. ನೀಲವ್ವ ಮತ್ತೆ ಕಮಾಂಡ್ ಹೊಡೆದಾಗ ಬಿಸಿ ಇಳಿಯುತ್ತಿತ್ತು, ಇಂಟರ್ನೆಟ್ಟೂ ನಿಲ್ಲದೆ ಓಡುತ್ತಿತ್ತು.

"ನಾಳೆ ಲಗೂನ ಬಾರವ್ವಾ," ಅಂದರು ಸಾಹೇಬರು.

ಕೇಳಿದ ನಿಮ್ಮೆಲ್ಲರ ಹೊಟ್ಟೆಯನ್ನೂ ಮನೆಯನ್ನೂ ಶಿವ ತಣ್ಣಗಿಟ್ಟಿರಲಿ.